ಕೊಬ್ಬು ಇಳಿಸುವ ಮಾತ್ರೆ

ಬೀರೂರು
ಆಗಸ್ಟ್ 21, 2023

ಪ್ರೀತಿಯ ಪ್ರತಿಮಾ,

ಜೈಭೀಮ್. ನಿನ್ನ ಕಾಗದ ಬಂದು ಎಷ್ಟೋ ಕಾಲವಾಯಿತು. ಮಾಯಾ ಹೆಸರಿಗೆ ತಕ್ಕ ಹಾಗೆ ಮಾಯವೇ ಆಗಿಬಿಟ್ಟಳು ಅಂತ ನೀನು ಬೈದುಕೊಂಡಿರುತ್ತೀಯ. ಬೈದುಕೋ, ನನಗೇನೂ ಬೇಜಾರಿಲ್ಲ. ಅಂಗನವಾಡಿಯಲ್ಲಿ ಈಗ ಮಕ್ಕಳಿಗಿಂತ ಮೊಬೈಲಿಗೇ ಹೆಚ್ಚು ಸೇವೆ ಮಾಡಬೇಕಾಗಿದೆ. ಯಾವ ಮಗು ಬಂತು, ಎಷ್ಟು ತೂಗಿತು, ಮೊಟ್ಟೆ ತಿಂದಿತೋ ಇಲ್ಲವೋ ಎಲ್ಲವನ್ನೂ ಅದರೊಳಗೆ ತುಂಬಬೇಕು. ನೆಟ್‌ವರ್ಕ್ ಬರುವ ಹೊತ್ತಿಗೆ ಮೊಟ್ಟೆ ತಿಂದ ಮಗು ಮನೆಗೆ ಹೋಗಿರುತ್ತದೆ.

ಫೋನ್ ಮಾಡಬಹುದಿತ್ತಲ್ಲ ಅಂತೀಯ. ಈ ಸಲದ ಮಾತು ಫೋನಿನಲ್ಲಿ ಆಡುವಂಥದ್ದಲ್ಲ. ನಮ್ಮ ರೈಲ್ವೆ ಕ್ವಾರ್ಟರ್ಸನ್ನು ನೀನು ನೋಡಿದ್ದೀಯ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಬಾಗಿಲಾಚೆ ಕೂತವರು ಸೀನುತ್ತಾರೆ. ಅಲ್ಲಿ ಗುಟ್ಟು ಮಾತಾಡುವುದೆಲ್ಲಿ? ಈಗ ಅಂಗನವಾಡಿಯಲ್ಲಿ ಮಕ್ಕಳು ಊಟ ಮಾಡಿ ಮಲಗಿದ್ದಾರೆ. ಸಹಾಯಕಿ ಪಾತ್ರೆ ತೊಳೆಯುತ್ತಿದ್ದಾಳೆ. ಹಾಸ್ಟೆಲಿನಲ್ಲಿ ನಾವಿಬ್ಬರೂ ಕಿಟಕಿ ಪಕ್ಕ ಕೂತು ಊರಿಗೆ ಕಾಗದ ಬರೆಯುತ್ತಿದ್ದೆವಲ್ಲ, ಹಾಗೇ ಕಿಟಕಿ ಪಕ್ಕ ಕೂತಿದ್ದೇನೆ.

ಮನೆಯಲ್ಲಿ ಎಲ್ಲ ಕ್ಷೇಮ. ಮಗಳು ಭುವನಾ ಕಡೂರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಾಳೆ. ಅತ್ತೆ ಹುಲಿಯಮ್ಮ ಗಟ್ಟಿಮುಟ್ಟಾಗಿದ್ದಾರೆ, ಕಿವಿ ಮಾತ್ರ ಅವರಿಗೆ ಬೇಕಾದಾಗ ಕೇಳಿಸುತ್ತದೆ, ಬೇಡವಾದಾಗ ಇಲ್ಲ. ಕೊರಗು ಇರುವುದು ಇವರ ವಿಷಯದಲ್ಲಿ. ನೀನು ಮಂಗಳೂರಿನ ಆಸ್ಪತ್ರೆಯಲ್ಲಿ ಇಷ್ಟು ವರ್ಷ ನರ್ಸಾಗಿ ಎಂತೆಂಥವರನ್ನೋ ನೋಡಿದ್ದೀಯ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಹೋದ ತಿಂಗಳು ಇಲ್ಲೊಂದು ಕಲ್ಯಾಣ ಮಂಟಪದಲ್ಲಿ ಹೃದಯ ತಪಾಸಣೆ ಶಿಬಿರ ಇತ್ತು. ಇವರನ್ನು ನಾನೇ ಎಳೆದುಕೊಂಡು ಹೋದೆ. ಸಕ್ಕರೆ ಕಾಯಿಲೆ ಶುರುವಾಗಿ ಎಷ್ಟೋ ವರ್ಷವಾಯಿತು, ಈಗ ಬಿಪಿಯೂ ಸೇರಿಕೊಂಡಿದೆ. ಆದರೆ ನೋಡಿದರೆ ಯಾರೂ ರೋಗಿ ಅನ್ನುವುದಿಲ್ಲ. ದಿನಾ ಸುತ್ತಿಗೆ ಹೆಗಲಿಗಿಟ್ಟುಕೊಂಡು ಅಜ್ಜಂಪುರದ ಕಡೆಗೆ ರೈಲು ಹಳಿಯ ಮೇಲೆ ನಡೆಯುವ ಕೆಲಸ. ಹಳಿಯನ್ನು ಹಿಡಿದಿಡುವ ಕೀಲು ಸಡಿಲವಾಗಿದ್ದರೆ ಬಡಿದು ಬಿಗಿ ಮಾಡಬೇಕು. ಮೈಮೇಲೆ ಮಾಂಸವೇ ಇಲ್ಲ, ಬರೀ ನರ ಮೂಳೆ.

ಕಡೂರಿನಲ್ಲಿ ಕ್ಲಿನಿಕ್ ಇಟ್ಟಿರುವ ಡಾಕ್ಟರ್ ಶಶಿ ಅನ್ನುವ ಹೆಣ್ಣುಮಗಳು ಬಂದಿದ್ದರು. ನಿಧಾನಸ್ಥರು. ರಕ್ತದ ರಿಪೋರ್ಟ್ ನೋಡಿದರು, ಬಿಪಿ ನೋಡಿದರು, ತಂದೆಗೆ ಹೃದಯದ ತೊಂದರೆ ಇತ್ತಾ ಅಂತ ವಿಚಾರಿಸಿದರು. ಐವತ್ತು ತುಂಬುವ ಮೊದಲೇ ಎದೆನೋವಿನಲ್ಲಿ ಹೋದರು ಅಂತ ಇವರು ಹೇಳಿದರು. ಡಾಕ್ಟರು ತಲೆಯಾಡಿಸಿ ಒಂದು ಮಾತ್ರೆ ಬರೆದರು. ಇದು ಹೃದಯ ಕಾಯುವುದಕ್ಕೆ, ರಾತ್ರಿ ಊಟವಾದ ಮೇಲೆ ಒಂದು, ನಿಲ್ಲಿಸಬಾರದು ಅಂದರು. ಹಿಂದೆ ಜನ ನುಗ್ಗುತ್ತಿದ್ದರು, ಹೆಚ್ಚು ಕೇಳುವುದಕ್ಕೆ ಆಗಲಿಲ್ಲ.

ಮಾತ್ರೆ ಕೊಡುವ ಮೇಜಿನಲ್ಲಿ ಸಿದ್ದಲಿಂಗೇಶ್ ಅಂತ ಒಬ್ಬ ಕೂತಿದ್ದ. ಔಷಧಿ ಅಂಗಡಿಯವನು. ನಮ್ಮವರ ಹಳೇ ಊರು ಇದೆಯಲ್ಲ, ಹಿರೇನಲ್ಲೂರಿನ ಕಡೆಯ ಹಳ್ಳಿ, ಅದೇ ಊರಿನವನು. ಒಳ್ಳೆಯ ಹುಡುಗ, ಎಲ್ಲರನ್ನೂ ಅಣ್ಣ, ಅಕ್ಕ ಅಂತ ಮಾತಾಡಿಸುತ್ತಾನೆ. ಇಂಗ್ಲಿಷಿನ ಚೀಟಿ ನೋಡಿ ವಯಸ್ಸಾದವರಿಗೂ ಕೇಳಿಸಲಿ ಅಂತ ಜೋರಾಗಿ ಕನ್ನಡದಲ್ಲಿ ಹೇಳುತ್ತಿದ್ದ. ನಿಮಗೆ ಗ್ಯಾಸು, ನಿಮಗೆ ಬಿಪಿ, ನಿಮಗೆ ರಕ್ತ ಕಮ್ಮಿ. ಇವರ ಸರದಿ ಬಂತು.

"ಓ, ಧನಪಾಲಣ್ಣ, ನಿಮ್ಗೂ ಕೊಬ್ಬು ಜಾಸ್ತಿ ಆಗಿದ್ಯಾ? ಇರ್ಲಿ ಬಿಡಿ, ಇಳಿಸೋಣ" ಅಂದ.

ಸಾಲಿನಲ್ಲಿದ್ದವರು ನಕ್ಕರು. ಹಾಗೆ ಹೇಳಿದರೆ ಯಾರಿಗಾದರೂ ನಗು ಬರುವಂಥದ್ದೇ, ನಾನೂ ನಗುವುದರಲ್ಲಿದ್ದೆ. ಅಷ್ಟರಲ್ಲಿ ಇವರ ಮುಖ ನೋಡಿದೆ. ಮಾತ್ರೆಯನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದುಬಿಟ್ಟರು. ಆ ದಿನ ಊಟವನ್ನೂ ಮಾಡಲಿಲ್ಲ.

ಪ್ರತಿಮಾ, ಈಗ ಹೇಳುವುದನ್ನು ನಿನಗೂ ಇಷ್ಟು ದಿನ ಹೇಳಿರಲಿಲ್ಲ. ಇವರಿಗೆ ಆ ಮಾತು ಎತ್ತುವುದೇ ಇಷ್ಟವಿಲ್ಲ. ನನಗೆ ಹೇಳಿದ್ದು ಅತ್ತೆ, ಅದೂ ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ಇವರಿಗೆ ಆಗ ಹತ್ತು ವರ್ಷವಿರಬೇಕು. ಊರಿನ ದೊಡ್ಡ ಮನೆಯೊಂದರಲ್ಲಿ ಸಾವಾಗಿತ್ತು. ತಮಟೆ ಬಾರಿಸಲು ಬಾ ಅಂತ ಮಾವ ಕರಿಯಣ್ಣನಿಗೆ ಹೇಳಿಕಳಿಸಿದರು. ಮಾವ ಬರುವುದಿಲ್ಲ ಅನ್ನಲಿಲ್ಲವಂತೆ. ಯಾವಾಗಲೂ ನಾವೇ ಯಾಕೆ ಬಾರಿಸಬೇಕು ಅಂತ ಒಂದು ಮಾತು ಕೇಳಿದರಂತೆ, ಅಷ್ಟೇ. ಮಾರನೇ ದಿನ ಅರಳಿಕಟ್ಟೆಯ ಹತ್ತಿರ ಕರೆಸಿ, ನಿನಗೆ ಕೊಬ್ಬು ಜಾಸ್ತಿ ಆಗಿದೆ, ಇಳಿಸ್ತೀವಿ ಅಂತ ಹೇಳಿ ಹೇಳಿ ಹೊಡೆದರಂತೆ. ಇಡೀ ಊರು ನಿಂತು ನೋಡಿತಂತೆ. ಇವರು ಅತ್ತೆಯ ಸೆರಗು ಹಿಡಿದುಕೊಂಡು ನೋಡಿದರು. ಆ ವರ್ಷವೇ ಅವರೆಲ್ಲ ಬೀರೂರಿಗೆ ಬಂದದ್ದು, ಮಾವ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊತ್ತದ್ದು, ಕೆಲವು ವರ್ಷಕ್ಕೆ ಎದೆ ಹಿಡಿದುಕೊಂಡು ಹೋಗಿಬಿಟ್ಟದ್ದು.

ಸಿದ್ದಲಿಂಗೇಶನಿಗೆ ಇದೆಲ್ಲ ಗೊತ್ತಿರಲಾರದು, ಅವನು ಆಗ ಹುಟ್ಟಿಯೇ ಇರಲಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂದರೂ ಆಗುತ್ತಿಲ್ಲ. ಅವನ ತಪ್ಪಾದರೂ ಏನು, ಕನ್ನಡದಲ್ಲಿ ಅದಕ್ಕಿರುವುದು ಅದೊಂದೇ ಮಾತು.

ಮರುದಿನ ನಾನೇ ಹೋಗಿ ಮಾತ್ರೆ ತಂದೆ. ಮುಟ್ಟಲಿಲ್ಲ. ರಿಪೋರ್ಟ್ ನಾರ್ಮಲ್ ಇದೆ, ನನಗ್ಯಾಕೆ ಮಾತ್ರೆ ಅಂದರು. ಅದು ಬೇರೆ ಕೊಬ್ಬು ರೀ, ರಕ್ತದೊಳಗಿನದು, ಎಲ್ಲರಲ್ಲೂ ಇರುತ್ತದೆ ಅಂದೆ. ಹಳಿಗೆ ಹೋಗುವ ಬೂಟು ಕಟ್ಟಿಕೊಳ್ಳುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ.

"ಮಾತು ಒಂದೇ ಅಲ್ವೇನೇ" ಅಂದರು.

ಪಕ್ಕದ ಮನೆಯ ಕೋಮಲಾಳ ಕಥೆ ಇದಕ್ಕೆ ತದ್ವಿರುದ್ಧ. ಇನ್ನೂ ಮೂವತ್ತು ತುಂಬದ ಹುಡುಗಿ, ಯಾವ ಕಾಯಿಲೆಯೂ ಇಲ್ಲ. ಯಾವುದೋ ಲ್ಯಾಬಿನವರು ಹಬ್ಬದ ಆಫರ್ ಅಂತ ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿ, ಕೊಲೆಸ್ಟ್ರಾಲ್ ಮುಂದೆ ಒಂದು ಕೆಂಪು ಗುರುತು ಹಾಕಿಕೊಟ್ಟರು. ಅದನ್ನು ನೋಡಿ ಯಾರೋ ಮಾತ್ರೆಯನ್ನೂ ಬರೆದರು. ದಿನಾ ತಪ್ಪದೆ ನುಂಗುತ್ತಾಳೆ. ಅವಳ ಅತ್ತೆಗೆ ಹಿಗ್ಗೋ ಹಿಗ್ಗು. ನನ್ನ ಸೊಸೆಗೆ ಕೊಬ್ಬು ಇದೆ ಅಂತ ನಾನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಈಗ ಡಾಕ್ಟರೇ ಬರೆದುಕೊಟ್ಟಿದ್ದಾರೆ ಅಂತ ನಲ್ಲಿ ಹತ್ತಿರ ಎಲ್ಲರಿಗೂ ಹೇಳಿಕೊಂಡು ಬಂದಳು. ನಗಬೇಡ, ನಾನಂತೂ ನಕ್ಕೆ.

ಈಗ ನಿನ್ನನ್ನು ಕೇಳಬೇಕಾದ್ದು. ಆ ಮಾತ್ರೆಯನ್ನು ಪುಡಿ ಮಾಡಿ ಇವರ ಮಜ್ಜಿಗೆಯಲ್ಲಿ ಕಲಸಿಬಿಡಲಾ? ಗೊತ್ತಾಗುತ್ತದಾ, ಕಹಿ ಇರುತ್ತದಾ? ಬೇಗ ಬರೆ. ನಿನ್ನ ಯಜಮಾನರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ,
ಮಾಯಾ

ತಾ.ಕ.: ಉತ್ತರವನ್ನು ಅಂಗನವಾಡಿ ವಿಳಾಸಕ್ಕೇ ಹಾಕು. ಮನೆಗೆ ಬಂದರೆ ಇವರು ಒಡೆಯುವುದಿಲ್ಲ, ಆದರೆ ಏನು ಬರೆದಿದ್ದಾಳೆ ಅಂತ ಕೇಳುತ್ತಾರೆ. ನನಗೆ ಸುಳ್ಳು ಹೇಳುವುದಕ್ಕೆ ಬರುವುದಿಲ್ಲ.


ಬೀರೂರು
ಡಿಸೆಂಬರ್ 11, 2023

ಪ್ರೀತಿಯ ಪ್ರತಿಮಾ,

ಮತ್ತೆ ತಡವಾಯಿತು, ಮತ್ತೆ ಕ್ಷಮಿಸು. ನಿನ್ನ ಕಾಗದ ಓದಿ ಮೊದಲು ನಿನ್ನ ಮೇಲೆ ಕೋಪ ಬಂತು, ಅದೂ ತಡಕ್ಕೆ ಒಂದು ಕಾರಣ. ಮಜ್ಜಿಗೆಯಲ್ಲಿ ಕಲಸಬೇಡ, ಗೊತ್ತಿಲ್ಲದೆ ಒಬ್ಬರ ಹೊಟ್ಟೆಗೆ ಔಷಧಿ ಹಾಕುವುದು ತಪ್ಪು, ಆಮೇಲೆ ನೀನು ಕೊಡುವ ಅನ್ನವನ್ನೂ ಅವರು ನಂಬುವುದಿಲ್ಲ ಅಂತ ನೀನು ಬರೆದಿದ್ದೆ. ದೂರ ಕೂತು ಬುದ್ಧಿ ಹೇಳುವುದು ಸುಲಭ ಅಂದುಕೊಂಡೆ. ಆಮೇಲೆ ಯೋಚಿಸಿದರೆ ನೀನು ಹೇಳಿದ್ದೇ ಸರಿ. ಇವರು ಅಕ್ಕಿ ಮೂಟೆಯ ಮೇಲಿನ ಅಕ್ಷರವನ್ನೂ ಓದಿ ಕೊಳ್ಳುವ ಮನುಷ್ಯ. ಅಂಥವರಿಗೆ ಕದ್ದು ಕುಡಿಸುವುದು ನನ್ನಿಂದಲೂ ಆಗುತ್ತಿರಲಿಲ್ಲ.

ಸರಿಯಾಗಿ ಕೇಳಿ ತಿಳಿದುಕೋ, ಆಮೇಲೆ ಇಬ್ಬರೂ ಹೋಗಿ ಡಾಕ್ಟರನ್ನೇ ಕಾಣಿ ಅಂದಿದ್ದೆಯಲ್ಲ, ಹಾಗೇ ಮಾಡಿದೆ. ಒಪ್ಪಿಸುವುದಕ್ಕೆ ದೀಪಾವಳಿಯವರೆಗೆ ಹಿಡಿಯಿತು. ಅಷ್ಟರಲ್ಲಿ ಇವರ ಜೊತೆ ಹಳಿಯಲ್ಲಿ ಕೆಲಸ ಮಾಡುವ ಮಹೇಂದ್ರ ಬೇರೆ ತಲೆ ಕೆಡಿಸಿದ್ದ. ಅವನೂ ಇಂಥದ್ದೇ ಮಾತ್ರೆ ತೆಗೆದುಕೊಳ್ಳುತ್ತಾನೆ. ತೊಡೆ ಹಿಡಿದುಕೊಳ್ಳುತ್ತದೆ, ಸುತ್ತಿಗೆ ಎತ್ತುವವನಿಗೆ ಇದು ಆಗಿಬರುವುದಿಲ್ಲ ಅಂತ ಹೇಳಿದ್ದ. ಅದರ ಮೇಲೆ ಮೊಬೈಲಿನಲ್ಲಿ ಬರುವ ವಿಡಿಯೋಗಳು, ಬೆಳ್ಳುಳ್ಳಿ ತಿಂದರೆ ಸಾಕು, ಕಂಪನಿಗಳ ಮೋಸ, ಲಿವರ್ ಹೋಗುತ್ತದೆ, ಇನ್ನೂ ಏನೇನೋ. ಭುವನಾ ಅಪ್ಪನ ಪಕ್ಕ ಕೂತು, ನನಗೋಸ್ಕರವಾದರೂ ತಗೋ ಅಪ್ಪ ಅಂದಳು. ನಿನಗೋಸ್ಕರ ಕೆಲಸ ಮಾಡ್ತಿದ್ದೀನಲ್ಲಮ್ಮ ಅಂತ ಎದ್ದುಹೋದರು.

ಡಾಕ್ಟರ್ ಶಶಿಯ ಕ್ಲಿನಿಕ್ಕಿನಲ್ಲಿ ಆ ದಿನ ಜನ ಕಡಿಮೆ ಇದ್ದರು, ನಮ್ಮ ಪುಣ್ಯ. ಇವರು ಕೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದರು. ಮೊದಲು ರಿಪೋರ್ಟ್ ಮುಂದಿಟ್ಟು, ನೋಡಿ ಮೇಡಂ, ಎಲ್ಲ ಗೆರೆಯೊಳಗೇ ಇದೆ ಅಂದರು. ನಮ್ಮ ಪಕ್ಕದ ಮನೆ ಹುಡುಗಿಗೆ ಗೆರೆ ದಾಟಿದೆ, ಅವಳಿಗೆ ನೀವೇ ಮಾತ್ರೆ ಬೇಡ ಅಂತ ನಿಲ್ಲಿಸಿದಿರಿ. ನನಗೆ ಗೆರೆಯೊಳಗಿದೆ, ಬೇಕು ಅಂತೀರಿ. ಇದು ಯಾವ ಲೆಕ್ಕ ಅಂತ ಕೇಳಿದರು.

ನಿಜ ಕಣೇ, ಕೋಮಲಾಳನ್ನು ನಾನೇ ಅವರ ಹತ್ತಿರ ಕಳಿಸಿದ್ದೆ. ಮಗು ಬೇಕು ಅಂತ ಕಾಯುತ್ತಿರುವ ಹುಡುಗಿ ಈ ಮಾತ್ರೆ ನುಂಗಬಾರದು, ನಿನಗೆ ಅದರ ಅಗತ್ಯವೂ ಇಲ್ಲ, ಊಟ ತಿಂಡಿ ನೋಡಿಕೊಂಡು ನಡೆದಾಡು ಸಾಕು ಅಂತ ಹೇಳಿ ಕಳಿಸಿದ್ದರು. ಅವಳ ಅತ್ತೆಗೆ ಬಹಳ ನಿರಾಸೆಯಾಯಿತು.

ಡಾಕ್ಟರಿಗೆ ಇವರ ಪ್ರಶ್ನೆ ಹಿಡಿಸಿತು. ಇಂಥ ಪ್ರಶ್ನೆ ಯಾರೂ ಕೇಳುವುದಿಲ್ಲ ಅಂತ ನಕ್ಕು, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಹೇಳಿದರು. ಕಾಗದದಲ್ಲಿರುವ ಗೆರೆ ಬೇರೆ ಏನೂ ತೊಂದರೆ ಇಲ್ಲದವರಿಗೆ. ನಿಮಗೆ ಸಕ್ಕರೆ ಇದೆ, ಬಿಪಿ ಇದೆ, ಐವತ್ತು ದಾಟಿದೆ, ತಂದೆ ಚಿಕ್ಕ ವಯಸ್ಸಿಗೇ ಎದೆನೋವಿನಲ್ಲಿ ಹೋಗಿದ್ದಾರೆ. ಇಷ್ಟೂ ಒಬ್ಬರಲ್ಲೇ ಸೇರಿದಾಗ ನಂಬರ್ ಎಷ್ಟೇ ಇರಲಿ, ಹೃದಯದ ರಕ್ತನಾಳ ಕಟ್ಟಿಕೊಳ್ಳುವ ಸಂಭವ ಹೆಚ್ಚು, ಈ ಮಾತ್ರೆ ಅದನ್ನು ತಗ್ಗಿಸುತ್ತದೆ. ಪೂರ್ತಿ ಇಲ್ಲವಾಗಿಸುತ್ತದೆ ಅಂತ ನಾನು ಮಾತು ಕೊಡಲಾರೆ, ಆದರೆ ನಿಮ್ಮಂಥವರಿಗೆ ಇದರಿಂದ ಆಗುವ ಲಾಭವೇ ಹೆಚ್ಚು ಅಂದರು. ತೊಡೆನೋವಿನ ಮಾತಿಗೂ ಸಿಡುಕಲಿಲ್ಲ. ಕೆಲವರಿಗೆ ಬರುತ್ತದೆ, ಬಂದರೆ ನನಗೆ ಹೇಳಿ, ಪ್ರಮಾಣ ಕಡಿಮೆ ಮಾಡೋಣ, ಇಲ್ಲವೇ ಬೇರೆ ಕೊಡೋಣ, ನೀವಾಗಿ ಬಿಡಬೇಡಿ ಅಂದರು. ಲಿವರ್ ಬಗ್ಗೆ ಕೇಳಿದ್ದಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟರು.

ಇವರು ತಲೆಯಾಡಿಸುತ್ತಾ ಕೇಳಿಸಿಕೊಂಡರು. ಆಯಿತು, ಗೆದ್ದೆ ಅಂದುಕೊಂಡೆ. ನಿನಗೆ ಕಾಗದದಲ್ಲಿ ಏನು ಬರೆಯಬೇಕು ಅಂತ ಆಗಲೇ ಯೋಚನೆ ಶುರುವಾಗಿತ್ತು. ಅಷ್ಟರಲ್ಲಿ ಡಾಕ್ಟರು ಚೀಟಿ ಬರೆಯುತ್ತಾ, ನಿಮ್ಮ ತಂದೆಯವರಿಗೆ ಆಗ ಯಾರೂ ಯಾವ ಚಿಕಿತ್ಸೆಯನ್ನೂ ಕೊಡಲಿಲ್ಲವಾ ಅಂತ ಸುಮ್ಮನೆ ಕೇಳಿದರು.

"ಕೊಬ್ಬು ಇಳಿಸಿದ್ರು ಮೇಡಂ" ಅಂದರು ಇವರು.

ಡಾಕ್ಟರು ಪೆನ್ನು ನಿಲ್ಲಿಸಿ ನೋಡಿದರು. "ಹೌದಾ? ಆ ಕಾಲದಲ್ಲೇ? ಯಾವ ಮಾತ್ರೆ ಕೊಟ್ಟಿದ್ರು, ನೆನಪಿದ್ಯಾ?"

"ಗೊತ್ತಿಲ್ಲ ಮೇಡಂ. ನಾನು ಚಿಕ್ಕೋನು."

ಪ್ರತಿಮಾ, ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ತೆರೆದೆ. ಇವರು ನನ್ನ ಕಡೆ ತಿರುಗಿ ನೋಡಿದರು, ಅಷ್ಟೇ. ಮುಚ್ಚಿಕೊಂಡೆ. ಆ ಹೆಣ್ಣುಮಗಳು ಪಾಪ, ಇನ್ನೂ ಏನೋ ಹೇಳುತ್ತಿದ್ದರು, ಆ ಕಾಲದ ಔಷಧಿಗಳು ಅಷ್ಟು ಚೆನ್ನಾಗಿರಲಿಲ್ಲ, ಈಗಿನದು ಎಷ್ಟೋ ಮೇಲು ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಇವರು ಹೂಂ ಹೂಂ ಅನ್ನುತ್ತಿದ್ದರು. ನನಗೆ ಎದ್ದು ಓಡಿಹೋಗಬೇಕು ಅನ್ನಿಸಿತು.

ಬೀರೂರು ಬಸ್ಸಿನಲ್ಲಿ ಬರುವಾಗ ಒಳ್ಳೇ ಡಾಕ್ಟ್ರು ಅಂತ ಇವರೇ ಹೇಳಿದರು. ಹಾಗಾದರೆ ಇವತ್ತಿನಿಂದ ತಗೊಳ್ಳಿ ಅಂದೆ. ನೋಡೋಣ ಅಂದರು. ಆ ನೋಡೋಣ ಇನ್ನೂ ನಡೆಯುತ್ತಿದೆ. ಮಾತ್ರೆ ಗೂಡಿನಲ್ಲಿ ಬುದ್ಧನ ಫೋಟೋದ ಪಕ್ಕ ಹಾಗೇ ಇದೆ. ಸಕ್ಕರೆಯದು ತೆಗೆದುಕೊಳ್ಳುತ್ತಾರೆ, ಬಿಪಿಯದು ತೆಗೆದುಕೊಳ್ಳುತ್ತಾರೆ, ಅದರ ಹತ್ತಿರ ಕೈ ಹೋಗುವುದಿಲ್ಲ.

ನಾನೊಬ್ಬಳೇ ಹೋಗಿ ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿಬಿಡಲಾ ಅಂತ ಎಷ್ಟೋ ಸಲ ಅನ್ನಿಸಿತು. ಒಂದು ಸಲ ಹೊರಟು ಬಸ್ ಸ್ಟ್ಯಾಂಡಿನವರೆಗೂ ಹೋದೆ. ಆದರೆ ಅದು ಇವರ ಮಾತು, ಇಷ್ಟು ವರ್ಷ ಯಾರ ಮುಂದೆಯೂ ಆಡದೆ ಇಟ್ಟುಕೊಂಡಿರುವುದು. ನಾನು ತೆಗೆದುಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಟ್ಟರೆ ಅದು ಮಜ್ಜಿಗೆಯಲ್ಲಿ ಮಾತ್ರೆ ಕಲಸಿದ್ದಕ್ಕಿಂತ ಕೀಳಾಗುತ್ತದೆ ಅನ್ನಿಸಿ ವಾಪಸ್ ಬಂದೆ. ಹೇಳಿದ್ದರೆ ಒಳ್ಳೆಯದಿತ್ತಾ? ನನಗೆ ತಿಳಿಯುತ್ತಿಲ್ಲ ಕಣೇ.

ಗದರಿಸಿ ನೋಡಿದೆ, ಮಾತು ಬಿಟ್ಟು ನೋಡಿದೆ, ಅತ್ತೆಯಿಂದ ಹೇಳಿಸಿದೆ. ಅತ್ತೆಗೆ ಆ ಹೊತ್ತಿಗೆ ಸರಿಯಾಗಿ ಕಿವಿ ಕೇಳಿಸದೆ ಹೋಯಿತು. ಮನೆಯಲ್ಲಿ ಔಷಧಿ ಇದೆ, ಹೇಳಿಕೊಡುವ ಡಾಕ್ಟರು ಇದ್ದಾರೆ, ಕೇಳಿ ಅರ್ಥ ಮಾಡಿಕೊಳ್ಳುವ ಬುದ್ಧಿ ಇವರಿಗೂ ಇದೆ. ಎಲ್ಲವೂ ಇದ್ದು ಏನೂ ಮಾಡಲಾಗದೆ ಕೂತಿದ್ದೇನೆ.

ಚಳಿ ಜೋರಾಗಿದೆ. ನಿನ್ನ ಮಂಡಿನೋವು ಹೇಗಿದೆ ಬರೆ. ಎಲ್ಲರೂ ಸುಖವಾಗಿರಿ.

ನಿನ್ನ,
ಮಾಯಾ

ತಾ.ಕ.: ಕೋಮಲಾಗೆ ತಿಂಗಳು ನಿಂತಿದೆಯಂತೆ. ಮಾತ್ರೆ ಮೊದಲೇ ಬಿಟ್ಟದ್ದು ಒಳ್ಳೆಯದಾಯಿತು. ಅವಳು ಕಣ್ಣು ತುಂಬಿಕೊಂಡು ನನ್ನ ಕೈ ಹಿಡಿದುಕೊಂಡಳು. ಊರವರ ಹತ್ತಿರವೆಲ್ಲ ನನ್ನ ಮಾತು ನಡೆಯುತ್ತದೆ.


ಬೀರೂರು
ಜುಲೈ 8, 2024

ಪ್ರೀತಿಯ ಪ್ರತಿಮಾ,

ಫೋನಿನಲ್ಲಿ ನಿನಗೆ ಅರ್ಧಂಬರ್ಧ ಹೇಳಿದ್ದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅಷ್ಟೇ ಹೇಳುವುದಕ್ಕೆ ಆದದ್ದು. ನೀನು ಬರುತ್ತೇನೆ ಅಂದಾಗ ಬೇಡ ಅಂದೆನಲ್ಲ, ಬೇಜಾರು ಮಾಡಿಕೊಳ್ಳಬೇಡ. ನಿನ್ನನ್ನು ನೋಡಿದ್ದರೆ ನಾನು ಅಲ್ಲೇ ಕುಸಿದುಬಿಡುತ್ತಿದ್ದೆ, ಭುವನಾಳ ಮುಂದೆ ಹಾಗಾಗಬಾರದಿತ್ತು. ಈಗ ಮನೆಯಲ್ಲಿ ಎಲ್ಲ ಒಂದು ಹದಕ್ಕೆ ಬಂದಿದೆ, ಸಾವಧಾನವಾಗಿ ಬರೆಯುತ್ತೇನೆ.

ಮೇ ತಿಂಗಳ ಕೊನೆ, ಬಿಸಿಲು ಇನ್ನೂ ಇಳಿದಿರಲಿಲ್ಲ. ಅಜ್ಜಂಪುರಕ್ಕೆ ಸ್ವಲ್ಪ ಈಚೆ ಹಳಿಯ ಮೇಲೆ ನಡೆಯುತ್ತಿದ್ದಾಗ ಎದೆ ಹಿಂಡಿದ ಹಾಗಾಯಿತಂತೆ. ಗ್ಯಾಸ್ ಇರಬೇಕು ಅಂತ ನೀರು ಕುಡಿದು ಮತ್ತೆ ನಡೆದರಂತೆ. ಗೇಟಿನ ಹತ್ತಿರ ಬರುವಷ್ಟರಲ್ಲಿ ಮೈಯೆಲ್ಲ ಬೆವೆತು ಅಂಗಿ ಅಂಟಿಕೊಂಡಿತ್ತು. ಮಹೇಂದ್ರ ನೋಡಿದ. ಆಟೋ ಮಾಡಿ ಅಜ್ಜಂಪುರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಅವರು ಇಸಿಜಿ ತೆಗೆದು, ಬಾಯಿಗೆ ಮಾತ್ರೆ ಹಾಕಿ, ತಡ ಮಾಡದೆ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ನಾನು ಬೀರೂರಿನಿಂದ ಬಾಡಿಗೆ ಕಾರಿನಲ್ಲಿ ಹೊರಟೆ, ತರೀಕೆರೆಯಲ್ಲಿ ಆಂಬುಲೆನ್ಸ್ ಸಿಕ್ಕಿತು, ಅಲ್ಲಿಂದ ಇವರ ಜೊತೆಯಲ್ಲೇ ಹೋದೆ. ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದರು. ಹೇಳಿದ್ದೆನಲ್ಲ ಅನ್ನುವ ಮಾತು ಬಾಯಿಗೆ ಬಂದು ಬಂದು ಹೋಯಿತು, ನುಂಗಿಕೊಂಡೆ.

ಸ್ಟೆಂಟ್ ಹಾಕಿದರು. ಹೃದಯದ ಒಂದು ಭಾಗ ಸ್ವಲ್ಪ ಬಲ ಕಳೆದುಕೊಂಡಿದೆ ಅಂದರು. ಜೀವ ಉಳಿಯಿತು.

ಮನೆಗೆ ಬಂದ ಮೇಲೆ ಡಾಕ್ಟರ್ ಶಶಿಯನ್ನು ಕಂಡೆವು. ಇವರನ್ನು ಹೊರಗೆ ಕೂರಿಸಿ ನಾನೊಬ್ಬಳೇ ಒಳಗೆ ಹೋದೆ. ಆ ಮಾತ್ರೆಯನ್ನು ಹೋದ ವರ್ಷದಿಂದಲೇ ತೆಗೆದುಕೊಂಡಿದ್ದರೆ ಇದು ತಪ್ಪುತ್ತಿತ್ತಾ ಅಂತ ನೇರವಾಗಿ ಕೇಳಿದೆ. ತಪ್ಪಬಹುದಿತ್ತು, ತಪ್ಪದೆಯೂ ಇರಬಹುದಿತ್ತು, ಒಬ್ಬ ಮನುಷ್ಯನ ವಿಷಯದಲ್ಲಿ ಹಾಗೆ ಹೇಳುವುದಕ್ಕೆ ಬರುವುದಿಲ್ಲಮ್ಮ ಅಂದರು. ಸುಳ್ಳಾದರೂ ಪರವಾಗಿಲ್ಲ, ಏನಾದರೊಂದು ಹೇಳಬಾರದಿತ್ತೇ ಅನ್ನಿಸಿತು. ತಪ್ಪುತ್ತಿತ್ತು ಅಂದಿದ್ದರೆ ಇವರ ಮೇಲೆ ಕೋಪ ಮಾಡಿಕೊಳ್ಳುತ್ತಿದ್ದೆ. ತಪ್ಪುತ್ತಿರಲಿಲ್ಲ ಅಂದಿದ್ದರೆ ಹಣೆಬರಹ ಅಂತ ಸುಮ್ಮನಾಗುತ್ತಿದ್ದೆ. ಈಗ ಎರಡಕ್ಕೂ ದಾರಿ ಇಲ್ಲ.

ಒಳ್ಳೆಯ ಸುದ್ದಿಯನ್ನೂ ಬರೆಯಬೇಕು. ಇವರಿಗೆ ಆಫೀಸಿನಲ್ಲೇ ಹಗುರದ ಕೆಲಸ ಕೊಡುತ್ತಾರಂತೆ, ಸದ್ಯಕ್ಕೆ ರಜೆಯಲ್ಲಿದ್ದಾರೆ. ಬೆಳಿಗ್ಗೆ ಸ್ಟೇಷನ್ನಿನ ಕಡೆ ನಿಧಾನಕ್ಕೆ ನಡೆದು ಬರುತ್ತಾರೆ. ಮಾತ್ರೆಗಳು ಈಗ ಒಂದು ಹಿಡಿ, ರಕ್ತ ಹೆಪ್ಪುಗಟ್ಟದಿರುವುದಕ್ಕೆ, ಬಿಪಿಗೆ, ಸಕ್ಕರೆಗೆ, ಮತ್ತೆ ರಾತ್ರಿಯದು ಅದೇ, ಈಗ ದೊಡ್ಡ ಪ್ರಮಾಣದಲ್ಲಿ. ಒಂದನ್ನೂ ತಪ್ಪಿಸುವುದಿಲ್ಲ. ಹೋದ ವಾರ ರಕ್ತ ಪರೀಕ್ಷೆ ಮಾಡಿಸಿದೆವು, ಎಲ್ಲ ಎಲ್ಲಿರಬೇಕೋ ಅಲ್ಲಿದೆ. ನಿಮ್ಮಂಥ ಪೇಷಂಟ್ ಎಲ್ಲರಿಗೂ ಸಿಗಬೇಕು ಅಂತ ಡಾಕ್ಟರು ಇವರ ಬೆನ್ನು ತಟ್ಟಿದರು. ಇವರು ಏನೂ ಕೇಳಲಿಲ್ಲ. ಸರಿ ಮೇಡಂ ಅಂದರು.

ನೋಡುವುದಕ್ಕೆ ದಿನಾ ಒಬ್ಬರಲ್ಲ ಒಬ್ಬರು ಬರುತ್ತಾರೆ. ಮಹೇಂದ್ರ ತೊಡೆನೋವಿನ ಮಾತು ಎತ್ತುವುದನ್ನೇ ಬಿಟ್ಟಿದ್ದಾನೆ, ಡಾಕ್ಟರ ಹತ್ತಿರ ಹೋಗಿ ಬೇರೆ ಮಾತ್ರೆ ಬರೆಸಿಕೊಂಡನಂತೆ, ಅದರಿಂದ ನೋವಿಲ್ಲವಂತೆ. ಕೋಮಲಾಗೆ ಈಗ ಎಂಟು ತಿಂಗಳು, ಆದರೂ ಎರಡು ಹೊತ್ತು ಬಂದು ವಿಚಾರಿಸುತ್ತಾಳೆ. ಸಿದ್ದಲಿಂಗೇಶನೂ ಎಳನೀರು ಹೊತ್ತುಕೊಂಡು ಬಂದಿದ್ದ. ಅವನು ಬಾಗಿಲಿಗೆ ಬರುತ್ತಲೇ ಇವರು ಕುರ್ಚಿಯಿಂದ ಎದ್ದು ನಿಂತು ಕೈ ಮುಗಿದರು. ಅಯ್ಯೋ ಕೂತ್ಕೊಳ್ಳಿ ಧನಪಾಲಣ್ಣ ಅಂತ ಅವನೇ ಗಾಬರಿಯಾದ. ಅವನು ಕೂರುವವರೆಗೂ ಇವರು ಕೂರಲಿಲ್ಲ. ನಿಶ್ಶಕ್ತಿ, ಅದಕ್ಕೆ ಹೀಗೆಲ್ಲ ಆಡುತ್ತಾರೆ ಅಂತ ನಾನು ಅವನಿಗೆ ಹೇಳಿ ಕಾಫಿ ಕೊಟ್ಟು ಕಳಿಸಿದೆ. ನಿಶ್ಶಕ್ತಿಯೇ ಇರಬೇಕು, ಅಲ್ಲವೇನೇ? ಇಂಥ ಕಾಯಿಲೆ ಆದವರು ಕೆಲವು ದಿನ ಮಂಕಾಗುತ್ತಾರೆ ಅಂತ ನೀನೇ ಒಂದು ಸಲ ಹೇಳಿದ ನೆನಪು.

ಕ್ವಾರ್ಟರ್ಸಿನವರೆಲ್ಲ ನನ್ನನ್ನೇ ಹೊಗಳುತ್ತಾರೆ. ಮಾಯಕ್ಕ ಹೇಳಿ ಹೇಳಿ ಕೊನೆಗೂ ಗಂಡನನ್ನು ದಾರಿಗೆ ತಂದಳು ಅಂತ. ನಾನು ನಕ್ಕು ಕಾಫಿಗೆ ಇಡುತ್ತೇನೆ.

ನಿನ್ನ ಕಾಗದಗಳು ಈ ವರ್ಷ ನನ್ನ ಕೈ ಬಿಡಲಿಲ್ಲ ಪ್ರತಿಮಾ. ನಿನ್ನ ಮನೆ ತಣ್ಣಗಿರಲಿ. ಮಕ್ಕಳು ಓದಿ ದೊಡ್ಡವರಾಗಲಿ, ಯಾರ ಮುಂದೆಯೂ ಬಗ್ಗದ ಹಾಗೆ ಬಾಳಲಿ. ಎಲ್ಲ ಜೀವಕ್ಕೂ ಮಂಗಳವಾಗಲಿ.

ನಿನ್ನ,
ಮಾಯಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ನಿನಗೆ ಹೇಳದಿದ್ದರೆ ಇನ್ನು ಯಾರಿಗೂ ಹೇಳುವುದಿಲ್ಲ.

ನಿನ್ನೆ ಬೆಳಿಗ್ಗೆ ಅವಸರದಲ್ಲಿ ಇವರ ಅಂಗೈಗೆ ನನ್ನ ಥೈರಾಯ್ಡ್ ಮಾತ್ರೆ ಹಾಕಿಬಿಟ್ಟೆ. ನೋಡದೆಯೇ ಬಾಯಿಗೆ ಹಾಕಿಕೊಂಡರು. ಮೊದಲಾಗಿದ್ದರೆ ಬೆಳಕಿಗೆ ಹಿಡಿದು, ಇದು ಯಾವುದಕ್ಕೆ, ನಿನ್ನೆಯದು ಬೇರೆ ಬಣ್ಣ ಇತ್ತಲ್ಲ ಅಂತ ನನ್ನ ತಲೆ ತಿನ್ನುತ್ತಿದ್ದ ಮನುಷ್ಯ. ನನಗೆ ಗಾಬರಿಯಾಗಿ, ಉಗುಳಿ ಅಂದೆ. ಉಗುಳಿದರು. ಬಾಯಿ ಮುಕ್ಕಳಿಸಿ ಅಂದೆ. ಮುಕ್ಕಳಿಸಿದರು. ಯಾಕೆ ಅಂತ ಕೇಳಲಿಲ್ಲ. ಸರಿಯಾದ ಮಾತ್ರೆ ಕೊಟ್ಟೆ, ಎರಡೂ ಕೈ ಚಾಚಿ ಇಸಿದುಕೊಂಡರು.

ಅತ್ತೆ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದರು. "ನಿಮ್ಮಾವನೂ ಹಿಂಗೇ ಆಗೋಗಿದ್ರು ಕಣವ್ವ, ಆ ಅರಳಿಕಟ್ಟೆ ದಿನದಿಂದ" ಅಂದು ಎದ್ದು ಒಳಗೆ ಹೋದರು.

ಮಾತ್ರೆ ತಗೊಂಡರೆ ಸಾಕು, ಬೇರೇನೂ ಬೇಡ ಅಂತ ಒಂದು ವರ್ಷ ಹಂಬಲಿಸಿದವಳು ನಾನು. ಈಗ ಯಾರು ಏನು ಕೊಟ್ಟರೂ ತಗೊಳ್ಳುತ್ತಾರೆ. ನನಗೆ ತಡೆಯಲಾಗದೆ ಅಳು ಬಂತು, ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಇವರು ಗೋಡೆಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಏನೋ ತಪ್ಪು ಮಾಡಿದವರ ಹಾಗೆ, ಮೆಲ್ಲಗೆ, "ಬೈಬೇಡ ಮಾಯಾ" ಅಂದರು.

ನಾನು ಬೈದೇ ಇರಲಿಲ್ಲ ಕಣೇ.